ಪರದೇಶದಲ್ಲಿ ಒಂದು ವರ್ಷ: ಮನೆಮಂದಿಯ ಆರೋಗ್ಯ ವಿಮೆ



ದೂರದೇಶಕ್ಕೆ ಹೊರಡುವ ಸಂಸಾರದಲ್ಲಿ ಸಿದ್ಧತೆಗೆ ಕೊರತೆಯೇನೂ ಇರುವುದಿಲ್ಲ. ವಿಮಾನದ ಟಿಕೆಟ್ಟು, ವೀಸಾ, ಚಳಿಯ ಬಟ್ಟೆ, ಮಕ್ಕಳ ಶಾಲೆಯ ಪತ್ರಗಳು ಮೊದಲ್ಗೊಂಡು ಸಾರಿನ ಪುಡಿ, ಉಪ್ಪಿನಕಾಯಿಗಳವರೆಗೆ ಒಂದೊಂದನ್ನೂ ಪಟ್ಟಿ ಮಾಡಿ ಗುರುತು ಹಾಕುವ ಮನೆಗಳಲ್ಲಿಯೂ ಆರೋಗ್ಯ ವಿಮೆಯೆಂಬುದು ಪಟ್ಟಿಯ ಕಡೆಯ ಸಾಲಿನಲ್ಲಿ ಉಳಿದು, ಹೊರಡುವ ವಾರದಲ್ಲಿ ಅವಸರದಿಂದ ಮುಗಿಯುವುದುಂಟು. ಶುಭಪ್ರಯಾಣದ ಮುಂಚೆ ರೋಗದ ಮಾತನ್ನೆತ್ತುವುದು ಯಾರಿಗೂ ಹಿತವಲ್ಲವಷ್ಟೆ. ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿರುವರು, ಅದು ನಿಜವೇ. ಆದರೆ ಮಂಜುಗಟ್ಟಿದ ಬೀದಿಯಲ್ಲಿ ಕಾಲು ಜಾರಿ ಮೂಳೆ ಮುರಿದರೆ, ಊಟ ಬಲ್ಲವನಿಗೂ ಬಲ್ಲದವನಿಗೂ ಆಸ್ಪತ್ರೆಯ ಬಿಲ್ಲು ಒಂದೇ.

ಈ ತಿಂಗಳು ಅಧ್ಯಾಪಕರ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂದರ್ಭವನ್ನು ವಿಚಾರಿಸೋಣ. ಕಾಲೇಜು, ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಪಾಠದ ಹೊರೆಯನ್ನಿಳಿಸಿ ಸ್ವಂತ ವ್ಯಾಸಂಗಕ್ಕಾಗಿ ಪಡೆಯುವ ರಜೆಗೆ ‘ಸಬ್ಯಾಟಿಕಲ್’ ರಜೆಯೆಂದು ಹೆಸರು. ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂದು ಯೆಹೂದ್ಯರ ಧರ್ಮಗ್ರಂಥ ವಿಧಿಸಿದ್ದಿತು. ಹೆಸರು ಅಲ್ಲಿಂದ ಬಂದುದು. ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ೧೮೮೦ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ನಮ್ಮಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೧೮ರ ನಿಯಮಾವಳಿಯಂತೆ, ಸಹಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲಿ ಏಳು ವರ್ಷ ಸೇವೆ ಸಲ್ಲಿಸಿದ ಖಾಯಂ ಅಧ್ಯಾಪಕರಿಗೆ ಇದು ದೊರೆಯಬಹುದು. ಒಂದು ಸಲಕ್ಕೆ ಒಂದು ವರ್ಷಕ್ಕೂ, ಇಡೀ ಸೇವೆಯಲ್ಲಿ ಎರಡು ವರ್ಷಕ್ಕೂ ಮೀರಕೂಡದು. ಎಂದರೆ ರಜೆ ಕೈಗೂಡುವ ಹೊತ್ತಿಗೆ ಅಧ್ಯಾಪಕರು ನಡುವಯಸ್ಸು ಮುಟ್ಟಿರುತ್ತಾರೆ. ಮನೆಯಲ್ಲಿ ಬೆಳೆಯುವ ಮಕ್ಕಳು, ವಯಸ್ಸಾದ ತಂದೆತಾಯಿಗಳು, ಜೊತೆಗೆ ಒಂದೆರಡು ಹಳೆಯ ಕಾಯಿಲೆಗಳು. ಇಪ್ಪತ್ತು ವರ್ಷದ ವಿದ್ಯಾರ್ಥಿ ಒಂಟಿಯಾಗಿ ಹೊರಟಂತಲ್ಲ ಇದು.

ಮಾತು ಸ್ಪಷ್ಟವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಯಜಮಾನರು ಮೈಸೂರಿನಲ್ಲಿ ಪ್ರಾಧ್ಯಾಪಕರು, ವಯಸ್ಸು ೪೮. ಗೃಹಿಣಿಗೆ ೪೪, ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿದ್ದು, ಪಥ್ಯ ಮತ್ತು ಮಾತ್ರೆಗಳಿಂದ ಹತೋಟಿಯಲ್ಲಿದೆ. ಮಗಳಿಗೆ ೧೪. ಯಜಮಾನರ ತಾಯಿಯವರು, ೭೬ ವರ್ಷದವರು, ಪ್ರಯಾಣಮಾಡಲಾರದೆ ಕಿರಿಯ ಮಗನೊಡನೆ ಮೈಸೂರಿನಲ್ಲೇ ಉಳಿಯುವರು. ‘ವಿಮೆ ಮಾಡಿಸಿದೆವು’ ಎಂಬ ಒಂದೇ ಮಾತು ಈ ನಾಲ್ವರಿಗೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಆದುದರಿಂದ ಯಾವ ವಿಮೆಯ ಕಾಗದ ಮುಂದೆ ಬಂದರೂ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದರಲ್ಲಿ ಯಾರ ಯಾರ ಹೆಸರುಂಟು? ಯಾವ ದಿನದಿಂದ ಯಾವ ದಿನದವರೆಗೆ? ಯಾವುದಕ್ಕೆ ಹಣ ಕೊಡುವುದಿಲ್ಲ? ಎಷ್ಟು ಲಕ್ಷದ ವಿಮೆಯೆಂಬುದು ನಾಲ್ಕನೆಯ ಪ್ರಶ್ನೆ; ನಾವಾದರೋ ಬಹುಮಟ್ಟಿಗೆ ಅದೊಂದನ್ನೇ ಮೊದಲು ಕೇಳುವೆವು.

ಈ ಸಂಸಾರವು ಅಮೇರಿಕಕ್ಕೆ ಹೊರಟಿತೆನ್ನೋಣ. ಅಲ್ಲಿಗೆ ಹೋಗುವ ಅತಿಥಿ ವಿದ್ವಾಂಸರು ಬಹುಮಟ್ಟಿಗೆ ‘ಜೆ-೧’ ಎಂಬ ವೀಸಾ ಪಡೆಯುತ್ತಾರೆ. ಜೊತೆಗೆ ಹೋಗುವ ಪತ್ನಿ ಮಕ್ಕಳದು ‘ಜೆ-೨’. ಇವರೆಲ್ಲರಿಗೂ ವಿಮೆ ಇರಲೇಬೇಕೆಂಬುದು ಅಲ್ಲಿಯ ಸರ್ಕಾರದ ಕಟ್ಟಳೆ. ೨೦೧೫ರ ಮೇ ತಿಂಗಳಿನಿಂದ ಜಾರಿಗೆ ಬಂದ ಪ್ರಮಾಣದಂತೆ, ಒಂದೊಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ ೧,೦೦,೦೦೦ ಡಾಲರು, ರೋಗಿಯನ್ನು ಸ್ವದೇಶಕ್ಕೆ ಸಾಗಿಸುವ ವೆಚ್ಚಕ್ಕೆ ೫೦,೦೦೦ ಡಾಲರು, ಮರಣ ಸಂಭವಿಸಿದಲ್ಲಿ ದೇಹವನ್ನು ಊರಿಗೆ ಕಳುಹಿಸುವುದಕ್ಕೆ ೨೫,೦೦೦ ಡಾಲರು ದೊರೆಯುವಂತಿರಬೇಕು. ಬೇಕೆಂದೇ ವಿಮೆಯಿಲ್ಲದೆ ಉಳಿದವರ ಕಾರ್ಯಕ್ರಮವನ್ನೇ ರದ್ದು ಮಾಡತಕ್ಕದ್ದೆಂದು ವಿಧಿಸಿದೆ. ಪತ್ನಿ ಮಕ್ಕಳಿಗೆ ವಿಮೆಯಿಲ್ಲದಿದ್ದರೂ ಅದೇ ಗತಿ.

ಕಟ್ಟಳೆಯಷ್ಟು ವಿಮೆ ಮಾಡಿಸಿದರೆ ಸಾಕೆಂದು ಭಾವಿಸುವವರು ಒಂದು ಸಣ್ಣ ಲೆಕ್ಕವನ್ನು ನೋಡಬೇಕು. ವಿಮೆಯವರು ಕೈಹಾಕುವ ಮೊದಲು ರೋಗಿಯೇ ತೆರಬೇಕಾದ ಮೊತ್ತಕ್ಕೆ ‘ಡಿಡಕ್ಟಿಬಲ್’ ಎಂದು ಹೆಸರು. ಕಟ್ಟಳೆಯಂತೆ ಅದು ಒಂದು ಕಾಯಿಲೆಗೆ ೫೦೦ ಡಾಲರಿನವರೆಗೆ ಇರಬಹುದು. ಅನಂತರದ ಬಿಲ್ಲಿನಲ್ಲಿಯೂ ನೂರಕ್ಕೆ ೨೫ರವರೆಗೆ ರೋಗಿಯ ಪಾಲಿಗೆ ಬಿಡಲು ಅವಕಾಶವುಂಟು. ಶಸ್ತ್ರಚಿಕಿತ್ಸೆಯೊಂದರ ಬಿಲ್ಲು ೪೦,೦೦೦ ಡಾಲರಾಯಿತೆಂದುಕೊಳ್ಳಿ. ಮೊದಲು ೫೦೦, ಉಳಿದ ೩೯,೫೦೦ರಲ್ಲಿ ನಾಲ್ಕನೆಯ ಒಂದು ಪಾಲು ೯,೮೭೫, ಒಟ್ಟು ೧೦,೩೭೫ ಡಾಲರು ಮನೆಯವರ ಕೈಯಿಂದಲೇ ಹೋಗುವುದು. ಕಟ್ಟಳೆಗೆ ಒಂದಿಷ್ಟೂ ಲೋಪವಿಲ್ಲ, ಆದರೆ ಮೈಸೂರಿನ ಸಂಬಳದಲ್ಲಿ ಕೂಡಿಟ್ಟ ಹಣಕ್ಕೆ ಇದು ಸಣ್ಣ ಪೆಟ್ಟಲ್ಲ. ಆದುದರಿಂದ ಕಂತು ಸ್ವಲ್ಪ ಹೆಚ್ಚಾದರೂ ‘ವರ್ಷಕ್ಕೆ ರೋಗಿಯ ಪಾಲು ಇಷ್ಟಕ್ಕೆ ಮೀರದು’ ಎಂಬ ಮಿತಿಯಿರುವ ವಿಮೆಯನ್ನೇ ಆರಿಸತಕ್ಕದ್ದು. ಯಾವ ಆಸ್ಪತ್ರೆಗಳು, ಯಾವ ವೈದ್ಯರು ಆ ವಿಮೆಯ ಒಡಂಬಡಿಕೆಯಲ್ಲಿರುವರೆಂಬ ಪಟ್ಟಿಯನ್ನೂ ಕೇಳಬೇಕು. ಪಟ್ಟಿಯ ಹೊರಗಿನವರಲ್ಲಿ ಚಿಕಿತ್ಸೆ ಪಡೆದರೆ ರೋಗಿಯ ಪಾಲು ಏರುವುದೇ ವಾಡಿಕೆ.

ದಿನಾಂಕಗಳ ವಿಷಯದಲ್ಲಿಯೂ ಇಲ್ಲಿ ಒಂದು ಬಿರುಕುಂಟು. ಜೆ-೧ ವೀಸಾದವರು ಕಾರ್ಯಕ್ರಮ ಆರಂಭವಾಗುವುದಕ್ಕೆ ೩೦ ದಿನ ಮುಂಚಿತವಾಗಿ ಆ ದೇಶವನ್ನು ಪ್ರವೇಶಿಸಬಹುದು. ಮುಗಿದ ಮೇಲೆ ಇನ್ನೂ ೩೦ ದಿನ ಉಳಿಯಬಹುದು. ವಿಮೆಯ ಕಟ್ಟಳೆಯಾದರೋ ಕಾರ್ಯಕ್ರಮದ ಅವಧಿಗೆ ಮಾತ್ರ. ಕಾರ್ಯಕ್ರಮದ ದಿನಾಂಕವನ್ನೇ ನೋಡಿ ವಿಮೆ ಮಾಡಿಸಿದವರು, ಮನೆ ಹುಡುಕುವ ಮೊದಲ ದಿನಗಳಲ್ಲಿಯೂ, ಊರು ನೋಡಿಕೊಂಡು ಬರೋಣವೆಂದು ಕಾರಿನಲ್ಲಿ ಸುತ್ತುವ ಕೊನೆಯ ದಿನಗಳಲ್ಲಿಯೂ ವಿಮೆಯ ನೆರಳಿಲ್ಲದೆ ಇರುವರು. ವಿಮೆಯು ವಿಮಾನವೇರುವ ದಿನ ತೊಡಗಿ ಸ್ವಂತ ಊರಿನಲ್ಲಿ ಇಳಿಯುವ ದಿನದವರೆಗೆ ಇರಬೇಕು.

ಹೆಸರುಗಳ ಪ್ರಶ್ನೆಯೂ ಇಷ್ಟೇ ಮುಖ್ಯವಾದುದು. ಆತಿಥ್ಯ ನೀಡುವ ವಿಶ್ವವಿದ್ಯಾನಿಲಯವು ತನ್ನಿಂದ ಸಂಬಳ ಪಡೆಯುವವರಿಗೆ ನೌಕರರ ವಿಮೆಯನ್ನು ಕೊಡುವುದು ಸಾಮಾನ್ಯ. ಸಂಬಳವನ್ನು ಭಾರತದಿಂದಲೇ ಪಡೆಯುತ್ತ ಅಲ್ಲಿ ಬರಿಯ ಅತಿಥಿಯಾಗಿರುವವರಿಗೆ ಅದು ಸಾಮಾನ್ಯವಾಗಿ ದೊರೆಯದು. ವಿದ್ವದ್ವೇತನದೊಡನೆ ಬರುವ ವಿಮೆಗಳಲ್ಲಿ ಹಲವು ವೇತನ ಪಡೆದವರೊಬ್ಬರಿಗೇ ಮೀಸಲು. ‘ವಿಮೆಯನ್ನು ಅವರೇ ನೋಡಿಕೊಳ್ಳುತ್ತಾರೆ’ ಎಂದು ಯಜಮಾನರು ಸಂತೋಷದಿಂದ ಹೇಳಿದಾಗ, ‘ಯಾರದನ್ನು?’ ಎಂದು ಗೃಹಿಣಿಯು ಕೇಳುವುದು ಅವಿನಯವೆನಿಸದು.

ಬ್ರಿಟನ್ನಿನ ರೀತಿಯೇ ಬೇರೆ. ೧೯೪೮ರ ಜುಲೈ ೫ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು ಅಲ್ಲಿಯ ನಿವಾಸಿಗಳಿಗೆ ತೆರಿಗೆಯ ಹಣದಿಂದ ಚಿಕಿತ್ಸೆ ನೀಡುತ್ತದೆ. ಆರು ತಿಂಗಳಿಗೆ ಮೀರಿದ ವೀಸಾ ಬೇಡುವ ಪರದೇಶದವರು ಸಾಮಾನ್ಯವಾಗಿ ಅರ್ಜಿಯೊಡನೆಯೇ ಒಂದು ಆರೋಗ್ಯ ಶುಲ್ಕವನ್ನು ಮುಂಗಡ ತೆರಬೇಕು. ೨೦೨೪ರ ಫೆಬ್ರವರಿ ೬ರಂದು ಜಾರಿಗೆ ಬಂದ ದರದಂತೆ ಅದು ವಯಸ್ಕರಿಗೆ ವರ್ಷಕ್ಕೆ ೧,೦೩೫ ಪೌಂಡು, ಹದಿನೆಂಟು ತುಂಬದವರಿಗೆ ೭೭೬ ಪೌಂಡು. ನಮ್ಮ ಸಂಸಾರದ ಮೂವರಿಗೆ ಒಂದು ವರ್ಷಕ್ಕೆ ೨,೮೪೬ ಪೌಂಡಾಗುವುದು. ಮೊತ್ತ ದೊಡ್ಡದಾಗಿ ತೋರಿದರೂ ಇದರಲ್ಲಿ ಒಂದು ನೆಮ್ಮದಿಯುಂಟು. ಗೃಹಿಣಿಯ ಸಕ್ಕರೆ ಕಾಯಿಲೆ ಹಳೆಯದೆಂದು ಯಾರೂ ಅವರನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಹಲ್ಲು ಮತ್ತು ಕನ್ನಡಕದ ವೆಚ್ಚಗಳು ಮಾತ್ರ ಬೇರೆ.

ಆದರೆ ಎಚ್ಚರ ಬೇಕಾದುದು ಇಲ್ಲಿಯೇ. ಸಬ್ಯಾಟಿಕಲ್ ರಜೆಯ ಮೇಲಿರುವ ವಿದ್ವಾಂಸರಿಗೆ ಬ್ರಿಟನ್ನು ಹನ್ನೆರಡು ತಿಂಗಳವರೆಗೆ ಸಂದರ್ಶಕರ ವೀಸಾವನ್ನೂ ಕೊಡುವುದುಂಟು. ಸಂದರ್ಶಕರು ಆರೋಗ್ಯ ಶುಲ್ಕವನ್ನು ತೆರಬೇಕಾದುದಿಲ್ಲ. ‘ಇಷ್ಟು ಹಣ ಉಳಿಯಿತು’ ಎಂದು ಹಿಗ್ಗುವುದು ಸಹಜ. ಆದರೆ ಶುಲ್ಕ ತೆರದವರಿಗೆ ಆ ಶುಲ್ಕದ ಫಲವೂ ಇಲ್ಲ. ತುರ್ತು ವಿಭಾಗದಲ್ಲಿ ಮೊದಲು ನೋಡುವ ಚಿಕಿತ್ಸೆ ಯಾರಿಗಾದರೂ ಉಚಿತವೇ. ಅಲ್ಲಿಂದ ಮುಂದೆ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರೆ, ಇಂಗ್ಲೆಂಡಿನಲ್ಲಿ ಸಂದರ್ಶಕರು ನಿಗದಿಯಾದ ದರದ ಒಂದೂವರೆ ಪಾಲನ್ನು ತೆರಬೇಕಾಗಬಹುದು. ಒಂದೇ ವಿಶ್ವವಿದ್ಯಾನಿಲಯಕ್ಕೆ, ಒಂದೇ ವರ್ಷಕ್ಕೆ, ಎರಡು ಬಗೆಯ ವೀಸಾದ ಮೇಲೆ ಹೋದ ಇಬ್ಬರು ಅಧ್ಯಾಪಕರಲ್ಲಿ ಒಬ್ಬರಿಗೆ ಖಾಸಗಿ ವಿಮೆಯಿಲ್ಲದೆಯೂ ನಡೆಯುವುದು, ಇನ್ನೊಬ್ಬರಿಗೆ ಅದಿಲ್ಲದೆ ಗತ್ಯಂತರವಿಲ್ಲ. ವೀಸಾದ ಬಗೆಯನ್ನು ಆರಿಸುವಾಗಲೇ ವಿಮೆಯನ್ನೂ ಆರಿಸಿದಂತಾಯಿತೆಂದು ತಿಳಿಯತಕ್ಕದ್ದು.

ಜರ್ಮನಿಯು ಆರೋಗ್ಯ ವಿಮೆಯ ತೌರುಮನೆ. ಬಿಸ್ಮಾರ್ಕನ ಕಾಲದಲ್ಲಿ, ೧೮೮೩ರಲ್ಲಿಯೇ, ಕೆಲಸಗಾರರಿಗೆ ಕಡ್ಡಾಯ ವಿಮೆಯ ಕಾನೂನು ಅಲ್ಲಿ ಆಯಿತು. ಅಲ್ಲಿಯ ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ನೌಕರರೆಂದು ನೇಮಿಸಿಕೊಂಡು, ಅವರು ಸಾರ್ವಜನಿಕ ವಿಮಾನಿಧಿಗೆ ಸೇರಿದರೆ, ವರಮಾನವಿಲ್ಲದ ಪತ್ನಿ ಮಕ್ಕಳೂ ಬೇರೆ ಕಂತಿಲ್ಲದೆ ಅದರೊಳಗೆ ಸೇರುವರು. ಅದೇ ಅಧ್ಯಾಪಕರು ಸಂಬಳದ ಬದಲು ವಿದ್ವದ್ವೇತನ ಪಡೆದು ಹೋದರೆ ಅವರು ನೌಕರರಲ್ಲ; ಆಗ ಬಹುಮಟ್ಟಿಗೆ ಒಬ್ಬೊಬ್ಬರಿಗೂ ಖಾಸಗಿ ವಿಮೆಯನ್ನು ಕೊಳ್ಳಬೇಕಾಗುವುದು. ಆಹ್ವಾನಪತ್ರದಲ್ಲಿ ಬರೆದಿರುವುದು ಸಂಬಳವೋ ವೇತನವೋ ಎಂಬ ಒಂದು ಪದದ ಮೇಲೆ ಮೂವರ ಆರೋಗ್ಯರಕ್ಷಣೆ ನಿಂತಿದೆ.

ಇನ್ನು, ಇಲ್ಲಿಂದಲೇ ಕೊಂಡೊಯ್ಯುವ ಪ್ರಯಾಣ ವಿಮೆಯ ವಿಷಯ. ನಮ್ಮ ಕಂಪೆನಿಗಳು ಮಾರುವ ಈ ವಿಮೆಯ ಕಂತು ಅಗ್ಗ, ಕೊಳ್ಳುವುದು ಸುಲಭ. ಆದರೆ ಇದು ಪ್ರವಾಸಿಗಾಗಿ ಹೊಲಿದ ಅಂಗಿ. ವರ್ಷದ ವಾಸಕ್ಕೆ ಮೈತುಂಬ ಬರುವುದು ಕಷ್ಟ. ಸಾಮಾನ್ಯವಾಗಿ ಒಂದು ಸಲಕ್ಕೆ ೧೮೦ ದಿನಗಳವರೆಗೆ ಕೊಟ್ಟು, ಅವಧಿ ತೀರುವ ಮೊದಲೇ ಕೇಳಿಕೊಂಡರೆ ಮುಂದುವರಿಸುವರು. ನಡುವೆ ಕ್ಲೇಮು ಮಾಡಿದ್ದರೆ ಮುಂದುವರಿಸಲು ಒಪ್ಪದಿರುವುದೂ ಉಂಟು. ಮೊದಲೇ ಇದ್ದ ಕಾಯಿಲೆಗೆ ಪ್ರಾಣಾಪಾಯದ ಸಂದರ್ಭವೊಂದನ್ನುಳಿದು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನಮ್ಮ ಗೃಹಿಣಿಗೆ ತಿಂಗಳು ತಿಂಗಳು ಬೇಕಾದ ರಕ್ತಪರೀಕ್ಷೆಗೂ ಮಾತ್ರೆಗೂ ಇದರಿಂದ ಉಪಯೋಗವಿಲ್ಲವೆಂದೇ ಎಣಿಸಬೇಕು. ಆದುದರಿಂದ ವಿಮೆಯ ಕಾಗದವನ್ನು ಹಿಂದಿನ ಪುಟದಿಂದ, ‘ಇವು ಸೇರಿಲ್ಲ’ ಎಂಬ ಭಾಗದಿಂದ ಓದಲು ತೊಡಗುವುದು ಒಳ್ಳೆಯದು. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬಾರದು. ಮುಚ್ಚಿಟ್ಟು ಉಳಿಸಿದ ಕೆಲವು ರೂಪಾಯಿಗಳು ಕಷ್ಟದ ದಿನದಲ್ಲಿ ಇಡೀ ವಿಮೆಯನ್ನೇ ನುಂಗಿಬಿಡುವುವು.

ಹೊರಡುವವರ ಮಾತು ಇಷ್ಟಾಯಿತು. ಮನೆಯಲ್ಲಿ ಆಗಲೇ ಇರುವ ಭಾರತದ ಆರೋಗ್ಯ ವಿಮೆಯನ್ನು ಏನು ಮಾಡಬೇಕು? ಅದು ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಸಲ್ಲುವುದರಿಂದ, ‘ವರ್ಷವೆಲ್ಲ ಹೊರಗಿರುವಾಗ ಕಂತು ಏಕೆ ದಂಡ ತೆರಬೇಕು, ಬಂದು ಹೊಸದಾಗಿ ಮಾಡಿಸಿದರಾಯಿತು’ ಎಂದು ಯಜಮಾನರಿಗೆ ತೋರಬಹುದು. ಈ ಲೆಕ್ಕ ಬಹಳ ದುಬಾರಿಯಾದುದು.

ಕಾರಣವನ್ನು ಹೇಳುತ್ತೇವೆ. ಮೊದಲೇ ಇದ್ದ ಕಾಯಿಲೆಗಳಿಗೆ ವಿಮೆಯವರು ಕೆಲವು ಕಾಲ ಹಣ ಕೊಡದೆ ಕಾಯಿಸುವರು. ಈ ಕಾಯುವ ಅವಧಿಯ ಗರಿಷ್ಠ ಮಿತಿ ೪೮ ತಿಂಗಳಿದ್ದುದನ್ನು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ೨೦೨೪ರಲ್ಲಿ ೩೬ ತಿಂಗಳಿಗೆ ಇಳಿಸಿತು. ಅದೇ ವರ್ಷದ ನಿಯಮದಂತೆ, ವಿಮೆಯು ಎಡೆಬಿಡದೆ ೬೦ ತಿಂಗಳು ನಡೆದ ಮೇಲೆ, ಮೋಸ ಸಿದ್ಧವಾದ ಹೊರತು, ‘ನೀವು ಆ ಸಂಗತಿ ತಿಳಿಸಲಿಲ್ಲ’ ಎಂದು ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಈ ಎರಡು ಹಕ್ಕುಗಳೂ ಎಡೆಬಿಡದೆ ಕಂತು ಕಟ್ಟಿದವರ ಆಸ್ತಿ. ವರ್ಷದ ಕಂತಿನ ವಿಮೆಗೆ ಗಡುವು ಮುಗಿದ ಮೇಲೆ ೩೦ ದಿನ, ತಿಂಗಳ ಕಂತಿನದಕ್ಕೆ ೧೫ ದಿನ ರಿಯಾಯಿತಿಯುಂಟು. ಅದು ಮೀರಿತೆಂದರೆ, ವರ್ಷಗಳಿಂದ ಕಟ್ಟಿದ ಹಕ್ಕು ಕಳಚಿಬೀಳುವುದು. ಹಿಂದಿರುಗಿ ಹೊಸ ವಿಮೆ ಕೊಂಡಾಗ ಗೃಹಿಣಿಯ ಸಕ್ಕರೆ ಕಾಯಿಲೆ ಮತ್ತೆ ‘ಮೊದಲೇ ಇದ್ದ ಕಾಯಿಲೆ’ಯಾಗಿ, ಮತ್ತೆ ಮೂರು ವರ್ಷ ಕಾಯಬೇಕಾಗಬಹುದು, ತಾಯಿಯವರ ವಯಸ್ಸಿಗಂತೂ ಹೊಸ ವಿಮೆ ದೊರೆಯುವುದೇ ಕಷ್ಟ, ದೊರೆತರೂ ಕಂತು ಭಾರ. ೨೦೨೫ರ ಸೆಪ್ಟೆಂಬರ್ ೨೨ರಿಂದ ವ್ಯಕ್ತಿಗಳೂ ಸಂಸಾರಗಳೂ ಕೊಳ್ಳುವ ಆರೋಗ್ಯ ವಿಮೆಯ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ತೆಗೆದುಹಾಕಿರುವುದರಿಂದ ಮನೆಯ ವಿಮೆಯನ್ನು ಉಳಿಸಿಕೊಳ್ಳುವ ಭಾರವೂ ತುಸು ಇಳಿದಿದೆ. ಇನ್ನೊಂದು ಮಾತು: ಪರದೇಶದಲ್ಲಿ ದೊಡ್ಡ ಕಾಯಿಲೆ ಕಾಣಿಸಿಕೊಂಡು, ಪ್ರಯಾಣಕ್ಕೆ ದೇಹ ಒಗ್ಗುವಂತಿದ್ದರೆ, ಊರಿಗೆ ಬಂದು ಚಿಕಿತ್ಸೆ ಮಾಡಿಸಿಕೊಳ್ಳುವ ದಾರಿಯೂ ಈ ವಿಮೆಯಿಂದಲೇ ತೆರೆದಿರುವುದು.

ವಿಮೆಯನ್ನು ಬೇಕೆಂದು ಬಿಟ್ಟವರಿಗಿಂತ ಅರಿಯದೆ ಕಳೆದುಕೊಳ್ಳುವವರು ಕಡಿಮೆಯೇನಿಲ್ಲ. ಕಂತಿನ ಜ್ಞಾಪನೆಯು ಭಾರತದ ಮೊಬೈಲು ಸಂಖ್ಯೆಗೆ ಬರುತ್ತದೆ; ಆ ಸಂಖ್ಯೆಯೋ ಹೊರಟ ಮೂರನೆಯ ತಿಂಗಳಿಗೆ ನಿಂತುಹೋಗಿರುತ್ತದೆ. ಬ್ಯಾಂಕಿನಿಂದ ತಾನಾಗಿಯೇ ಕಂತು ಹೋಗುವ ಏರ್ಪಾಡಿದ್ದರೂ ಖಾತೆಯಲ್ಲಿ ಹಣ ಸಾಲದೆ ಹೋಗಬಹುದು. ಆದುದರಿಂದ ಆ ಸಂಖ್ಯೆಯನ್ನು ಜೀವಂತವಾಗಿಡತಕ್ಕದ್ದು. ಸಾಧ್ಯವಿದ್ದರೆ ಕಂತನ್ನು ಹೊರಡುವ ಮುಂಚೆಯೇ ಕಟ್ಟತಕ್ಕದ್ದು. ಕಾಲೇಜಿನ ಮೂಲಕ ನಡೆಯುವ ಗುಂಪು ವಿಮೆಯಿದ್ದರೆ, ರಜೆಯ ಕಾಲದಲ್ಲಿ ಅದು ಮುಂದುವರಿಯುವುದೇ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯಬೇಕು. ಸಂಬಳಸಹಿತ ರಜೆಯಲ್ಲಿ ಕಂತು ಸಂಬಳದಲ್ಲಿ ಮುರಿಯುವುದು. ಸಂಬಳರಹಿತ ರಜೆಯಾದರೆ ಮುರಿಯುವುದಕ್ಕೆ ಸಂಬಳವೇ ಇರುವುದಿಲ್ಲ.

ಊರಿನಲ್ಲಿ ಉಳಿಯುವ ತಾಯಿಯವರನ್ನು ಈ ಗಡಿಬಿಡಿಯಲ್ಲಿ ಮರೆಯಲಾಗದು. ಅವರ ವಿಮೆ ಹಿರಿಯ ಮಗನ ಹೆಸರಿನಲ್ಲಿದ್ದು, ಕಾರ್ಡು ಅವರ ಕೈಚೀಲದಲ್ಲಿಯೇ ಪರದೇಶಕ್ಕೆ ಹೋಗಿಬಿಟ್ಟರೆ, ನಡುರಾತ್ರಿ ಆಸ್ಪತ್ರೆಯ ಮೇಜಿನ ಮುಂದೆ ನಿಂತ ಕಿರಿಯ ಮಗನು ಏನು ತೋರಿಸಬೇಕು? ಸಂಕೇತದ ಅಂಕಿಗಳು ಅಣ್ಣನ ದೂರವಾಣಿಗೆ ಬರುವುವು. ಅಣ್ಣನಾದರೋ ಅಲ್ಲಿ ಪಾಠದ ಕೊಠಡಿಯಲ್ಲಿರುವನು. ಕಾರ್ಡಿನ ಪ್ರತಿ, ಪಾಲಿಸಿಯ ಸಂಖ್ಯೆ, ವಿಮೆಯವರ ದೂರವಾಣಿ, ಹತ್ತಿರದ ಒಪ್ಪಿತ ಆಸ್ಪತ್ರೆಗಳ ಹೆಸರು, ತಾಯಿಯವರ ಆಧಾರ್ ಪ್ರತಿ, ಹಳೆಯ ಔಷಧಚೀಟಿಗಳು—ಇವನ್ನು ಒಂದು ಕಡತದಲ್ಲಿ ಕಟ್ಟಿ ತಮ್ಮನ ಕೈಗೂ ಅವನ ಹೆಂಡತಿಯ ಕೈಗೂ ಒಪ್ಪಿಸಿ, ತಮ್ಮನ ಸಂಖ್ಯೆಯನ್ನೂ ವಿಮೆಯವರಲ್ಲಿ ಬರೆಯಿಸುವುದು ಹಿರಿಯ ಮಗನ ಕರ್ತವ್ಯ.

ಇಷ್ಟನ್ನೂ ಯಾವ ಕ್ರಮದಲ್ಲಿ ಮಾಡತಕ್ಕದ್ದು? ಆಹ್ವಾನಪತ್ರ ಬಂದ ಕೂಡಲೆ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಬರೆದು, ಯಾರಿಗೆ, ಯಾವ ದಿನದಿಂದ, ಎಷ್ಟರ ವಿಮೆ ದೊರೆಯುವುದೆಂದು ಕೇಳುವುದು ಮೊದಲ ಕೆಲಸ. ಉತ್ತರ ಬಂದ ಮೇಲೆ ವೀಸಾದ ಬಗೆಯನ್ನು ನಿಶ್ಚಯಿಸಬೇಕು; ಶುಲ್ಕದ ದರಗಳನ್ನು ಅರ್ಜಿ ಹಾಕುವ ದಿನದಲ್ಲಿ ಆ ಸರ್ಕಾರದ ಪ್ರಕಟಣೆಯಿಂದಲೇ ನೋಡಿಕೊಳ್ಳಬೇಕು. ಎರಡು ತಿಂಗಳು ಮುಂಚೆ ಮೂವರೂ ವೈದ್ಯರನ್ನೂ ಹಲ್ಲಿನ ವೈದ್ಯರನ್ನೂ ಕಂಡು, ಇಲ್ಲಿ ಮುಗಿಸಬಹುದಾದ ಚಿಕಿತ್ಸೆಯನ್ನು ಮುಗಿಸತಕ್ಕದ್ದು. ಮಗಳ ಲಸಿಕೆಗಳ ದಾಖಲೆಯನ್ನು ಇಂಗ್ಲಿಷಿನಲ್ಲಿ ಬರೆಯಿಸಿಕೊಳ್ಳಬೇಕು. ಅಮೇರಿಕದ ಶಾಲೆಗಳು ಸೇರಿಸಿಕೊಳ್ಳುವಾಗ ಅದನ್ನು ಕೇಳುವುವು. ಗೃಹಿಣಿಯ ಮಾತ್ರೆಗಳನ್ನು ಮೂರು ತಿಂಗಳಿಗೆ ಸಾಲುವಷ್ಟು, ಅಂಗಡಿಯ ಮೂಲ ಪೊಟ್ಟಣಗಳಲ್ಲಿಯೇ, ಔಷಧದ ಮೂಲ ರಾಸಾಯನಿಕ ಹೆಸರನ್ನು ಬರೆದ ವೈದ್ಯರ ಚೀಟಿಯೊಡನೆ ಒಯ್ಯುವುದು ಯುಕ್ತ. ನಮ್ಮ ಕಂಪೆನಿಗಳಿಟ್ಟ ವ್ಯಾಪಾರದ ಹೆಸರು ಅಲ್ಲಿಯ ಔಷಧದಂಗಡಿಯವರಿಗೆ ತಿಳಿಯದೆ ಹೋಗಬಹುದು. ಕಡೆಗೆ, ಹೊರಡುವ ವಾರದಲ್ಲಿ ಒಂದು ಹಾಳೆಯ ಮೇಲೆ ನಾಲ್ವರ ಹೆಸರುಗಳನ್ನು ಬರೆದು, ಪ್ರತಿಯೊಂದರ ಮುಂದೆಯೂ ವಿಮೆ ತೊಡಗುವ ದಿನ, ಮುಗಿಯುವ ದಿನ, ಕಂತಿನ ದಿನ ಇವನ್ನು ತುಂಬಿಸಿ ನೋಡಿ. ಎಲ್ಲಿಯಾದರೂ ಒಂದು ದಿನ ಬರಿದಾಗಿ ಉಳಿದಿದ್ದರೆ ಅದು ಆಗಲೇ ಕಣ್ಣಿಗೆ ಬೀಳುವುದು.

ಈ ಹಾಳೆಯನ್ನು ಯಜಮಾನರೊಬ್ಬರೇ ಬರೆದು ಪೆಟ್ಟಿಗೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಕಾಯಿಲೆ ಯಜಮಾನರಿಗೇ ಬಂದ ದಿನ ಪರಭಾಷೆಯಲ್ಲಿ, ಪರಸ್ಥಳದಲ್ಲಿ, ವಿಮೆಯವರೊಡನೆ ಮಾತನಾಡಬೇಕಾದವರು ಗೃಹಿಣಿ. ಆದುದರಿಂದ ಇಬ್ಬರೂ ಕುಳಿತು ಒಂದು ಸಂಜೆ ಕಾಗದಗಳನ್ನು ಓದಿ, ತಿಳಿಯದ ಮಾತನ್ನು ವಿಮೆಯವರಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಲಿ. ಮಗಳಿಗೂ ಕಾರ್ಡು ಎಲ್ಲಿದೆಯೆಂದು ಹೇಳಲಿ. ರಜೆಯ ವರ್ಷವು ಅಧ್ಯಾಪಕರಿಗೆ ಏಳು ವರ್ಷದ ದುಡಿಮೆಯ ಫಲವಾಗಿ ಬರುವಂಥದು. ಓದಿಗೆ ಬಂದ ಆ ವರ್ಷವೂ, ಮನೆಮಂದಿ ಕೂಡಿಟ್ಟ ಹಣವೂ ಆಸ್ಪತ್ರೆಯ ಪಾಲಾಗದಿರಬೇಕಾದರೆ, ಸಾಮಾನು ಕಟ್ಟುವ ಮುನ್ನ ಈ ಒಂದು ಸಂಜೆಯನ್ನು ಮೀಸಲಿಡುವುದು ಅವಶ್ಯ. ಪ್ರಯಾಣವು ಸುಖಕರವಾಗಲೆಂದೂ, ವಿಮೆಯ ಕಾಗದಗಳು ಬಿಚ್ಚುವ ಪ್ರಸಂಗವೇ ಬಾರದೆ ಕಟ್ಟಿದಂತೆಯೇ ಹಿಂದಿರುಗಲೆಂದೂ ಹಾರೈಸುತ್ತೇವೆ.